ಬಾಯಿ ಬಿಡದ ಬಳಚು

ನನ್ನ ತಂಗಿ ವಿನುತಾ ಬೇಯಿಸಿದ ಬಳಚನ್ನು ವಾಪಸು ಹೊಳೆಗೆ ಬಿಟ್ಟವಳು. ಗಾದೆ ಕಟ್ಟಿ ಹೇಳುತ್ತಿಲ್ಲ, ನಿಜವಾಗಿ ನಡೆದದ್ದು. ಆಗವಳು ಒಂದನೇ ಇಯತ್ತೆ. ತದಡಿಯ ನಮ್ಮ ಮನೆಯಲ್ಲಿ ಅಮ್ಮ ದುರ್ಗಿ ಅಘನಾಶಿನಿ ಹೊಳೆಯ ನೀರು ಇಳಿದಾಗ ಹೋಗಿ ಬಳಚು, ಅಂದರೆ ಚಿಪ್ಪುಮೀನು, ಆರಿಸಿ ತರುತ್ತಿದ್ದಳು. ಚಿಪ್ಪಿನ ಸಮೇತ ಬೇಯಲು ಇಟ್ಟರೆ ಜೀವ ಇದ್ದವು ಬಿಸಿ ತಾಗಿ ಬಾಯಿ ಬಿಡುತ್ತವೆ. ಬಾಯಿ ಬಿಡದೆ ಹಾಗೇ ಉಳಿದವು ಮೊದಲೇ ಸತ್ತವು, ಒಳಗೆ ಕೆಸರು ತುಂಬಿರುತ್ತದೆ. ಅವನ್ನು ಎಸೆಯಬೇಕು. ಹೊಳೆಬದಿಯ ಯಾವ ಮನೆಯಲ್ಲಿ ಕೇಳಿದರೂ ಇದನ್ನೇ ಹೇಳುತ್ತಾರೆ. ವಿನುತಾ ಮಾತ್ರ ಅಮ್ಮ ಎಸೆದದ್ದನ್ನೆಲ್ಲ ಲಂಗದಲ್ಲಿ ಕಟ್ಟಿಕೊಂಡು ಹೋಗಿ ನೀರಿಗೆ ಬಿಟ್ಟು ಬಂದಳು.

"ಅವು ಸತ್ತದ್ದಲ್ಲ. ಹೆದ್ರಿ ಬಾಯಿ ಮುಚ್ಕಂಡದ್ದು," ಎಂದಳು.

ಅಪ್ಪ ಬಿದ್ದು ಬಿದ್ದು ನಕ್ಕ. ಅಮ್ಮ ಬೈದಳು. ನಾನು ಅವಳಿಗಿಂತ ಎಂಟು ವರ್ಷಕ್ಕೆ ದೊಡ್ಡವಳು, ನಾಚಿಕೆಯಾಗಿ ಒಳಗೆ ಹೋದೆ. ಪಕ್ಕದ ಮನೆಯ ಬಂಗಾರಿ ಇಡೀ ಕೇರಿಗೆ ಸುದ್ದಿ ಮುಟ್ಟಿಸಿದ್ದಳು.

ವಿನುತಾ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವಳೆಂದು ಜನ ತಿಳಿದಿದ್ದಾರೆ. ಅದು ತಪ್ಪು. ಅವಳಿಗೆ ಹಟ ಇಲ್ಲ, ಹೆದರಿಕೆ ಇದೆ. ಯಾವುದನ್ನಾದರೂ 'ಮುಗಿಯಿತು' ಎನ್ನುವುದಕ್ಕೆ ಅವಳ ನಾಲಿಗೆ ಏಳುವುದಿಲ್ಲ. ಮುರ್ಡೇಶ್ವರದ ಹೋಟೆಲೊಂದರ ರಿಸೆಪ್ಶನ್‌ನಲ್ಲಿ ಕೂತು ದಿನಕ್ಕೆ ನೂರು ಮುಖ ನೋಡುವ ನನಗೆ, ಯಾರು ಎಸಿ ರೂಮು ಕೇಳುತ್ತಾರೆ, ಯಾರು ಬಾಡಿಗೆಗೆ ಜಗಳ ತೆಗೆಯುತ್ತಾರೆ ಎಂದು ಬಾಗಿಲಲ್ಲೇ ಗೊತ್ತಾಗುತ್ತದೆ. ಮನೆಯ ಹುಡುಗಿಯನ್ನು ಅರ್ಥ ಮಾಡಿಕೊಳ್ಳಲು ಮಾತ್ರ ಇಷ್ಟು ವರ್ಷ ಬೇಕಾಯಿತು.

ಹನ್ನೆರಡು ವರ್ಷದ ಹಿಂದೆ, ನೂಲ ಹುಣ್ಣಿಮೆ ಮುಗಿದು ದೋಣಿಗಳು ಸಮುದ್ರಕ್ಕೆ ಇಳಿದ ವಾರ, ಅಪ್ಪ ಬೀರಪ್ಪ ಇನ್ನಿಬ್ಬರೊಂದಿಗೆ ಹೋದವನು ತಿರುಗಿ ಬರಲಿಲ್ಲ. ಹೊಳೆ ಸಮುದ್ರ ಸೇರುವ ಅಳಿವೆಯಲ್ಲಿ ದೋಣಿ ಮಗುಚಿತು. ಹಿಂದೆ ಬರುತ್ತಿದ್ದ ದೋಣಿಯವರು ಇಬ್ಬರನ್ನು ಮೇಲೆಳೆದುಕೊಂಡರು. ಅಪ್ಪ ಸಿಗಲಿಲ್ಲ, ಹೆಣವೂ ಸಿಗಲಿಲ್ಲ. ಹೆಣ ಸಿಗದವನಿಗೆ ಹನ್ನೆರಡು ವರ್ಷ ಕಾದು, ಆಮೇಲೆ ದರ್ಭೆಯ ಗೊಂಬೆ ಮಾಡಿ ಸುಟ್ಟು ಕ್ರಿಯೆ ಮಾಡಬೇಕು ಎಂದು ಗೋಕರ್ಣದ ಭಟ್ಟರು ಹೇಳಿದರು. ಅಲ್ಲಿಯವರೆಗೆ ಅವನು ಬದುಕಿದ್ದಾನೆ ಎಂದೇ ಲೆಕ್ಕ. ಅಮ್ಮ ಕುಂಕುಮ ಬಿಡಲಿಲ್ಲ, ಕರಿಮಣಿ ತೆಗೆಯಲಿಲ್ಲ. ಅದು ಅವಳಿಗೆ ನಂಬಿಕೆಯಾಗಿರಲಿಲ್ಲ, ಕ್ರಮವಾಗಿತ್ತು. ಪಿಯುಸಿ ಓದುತ್ತಿದ್ದ ವಿನುತಾಳಿಗೆ ಮಾತ್ರ ಅದೇ ನಂಬಿಕೆಯಾಯಿತು. ಯಾವುದೋ ಹಡಗಿನವರು ಅಪ್ಪನನ್ನು ಎತ್ತಿಕೊಂಡಿರಬಹುದು, ಗುಜರಾತಿನ ಕಡೆ ಎಲ್ಲೋ ಇಳಿಸಿರಬಹುದು, ತಲೆಗೆ ಪೆಟ್ಟಾಗಿ ಊರಿನ ಹೆಸರು ಮರೆತಿರಬಹುದು ಎಂದು ಅವಳು ಹೇಳುತ್ತಿದ್ದಳು. ಗುರುತಿಲ್ಲದ ನಂಬರಿನ ಫೋನನ್ನು ಇವತ್ತಿಗೂ ಎತ್ತದೆ ಬಿಡುವವಳಲ್ಲ. ಸಾಲ ಬೇಕೇ ಎಂದು ಕೇಳುವ ಕಂಪನಿಗಳವರಿಗೆಲ್ಲ ಅವಳ ದನಿಯ ಪರಿಚಯ ಇದೆ.

ಹೊನ್ನಾವರದಲ್ಲಿ ನಮ್ಮ ಮನೆಯಲ್ಲೇ ಇದ್ದು ಬಿಎಸ್‌ಸಿ ಮುಗಿಸಿದಳು. ನನ್ನ ಗಂಡ ಶ್ರೀಧರ ಅವಳನ್ನು ತನ್ನ ತಂಗಿಯ ಹಾಗೆ ನೋಡಿಕೊಂಡರು. ಧಾರವಾಡದಲ್ಲಿ ಎಂಎಸ್‌ಸಿ ಮಾಡಿ, ಅಲ್ಲಿಂದ ದೂರದ ಒಂದು ಊರಿನ ಲ್ಯಾಬಿಗೆ ಪಿಎಚ್‌ಡಿಗೆ ಹೋದಳು. ಅಲ್ಲಿ ಅವಳೇನು ಮಾಡುತ್ತಾಳೆಂದು ಕೇರಿಯವರು ನನ್ನನ್ನು ಕೇಳುತ್ತಾರೆ, ನಾನು ಅವಳನ್ನು ಕೇಳುತ್ತೇನೆ. ಹತ್ತು ಸಲ ಹೇಳಿಸಿಕೊಂಡ ಮೇಲೆ ನನ್ನ ತಲೆಗೆ ಹೋದದ್ದು ಇಷ್ಟು.

ಮೈಯೊಳಗಿನ ಪ್ರೋಟೀನು ಎಂದರೆ ಒಂದು ದಾರ. ಮಡಚಿಕೊಂಡು, ಸುತ್ತಿಕೊಂಡು ತನ್ನದೇ ಆಕಾರಕ್ಕೆ ಬಂದ ದಾರ. ಆ ಆಕಾರ ಚೂರು ಕೆಟ್ಟರೂ ಕೆಲವು ಸಲ ರೋಗ ಬರುತ್ತದೆ. ದಾರದ ಒಂದು ಜಾಗಕ್ಕೂ ಇನ್ನೊಂದು ಜಾಗಕ್ಕೂ ಎಷ್ಟು ಅಂತರ ಎಂದು ಅಳೆಯುವುದು ಇವಳ ಕೆಲಸ. ಒಂದು ತಲೆಗೂದಲಿನ ದಪ್ಪವನ್ನು ಲಕ್ಷ ಪಾಲು ಮಾಡಿದರೆ, ಅಂಥ ನಾಲ್ಕೈದು ಪಾಲು. ಅಲ್ಲಿಗೆ ಯಾವ ಅಳತೆಪಟ್ಟಿಯೂ ಹೋಗುವುದಿಲ್ಲ, ಹಾಗಾಗಿ ಬೆಳಕಿನಲ್ಲಿ ಅಳೆಯುತ್ತಾರೆ. ಒಂದು ಜಾಗಕ್ಕೆ ಲೇಸರ್ ಬಿದ್ದರೆ ಹೊಳೆಯುವ ಬಣ್ಣ ಅಂಟಿಸುತ್ತಾರೆ. ಇನ್ನೊಂದು ಜಾಗಕ್ಕೆ ಆ ಹೊಳಪನ್ನು ನುಂಗುವ ಬಣ್ಣ. ಎರಡೂ ದೂರ ಇದ್ದರೆ ಹೊಳಪು ಚೆನ್ನಾಗಿ ಕಾಣುತ್ತದೆ, ಹತ್ತಿರ ಬಂದಷ್ಟೂ ಮಂಕಾಗುತ್ತದೆ, ತೀರಾ ಹತ್ತಿರವಾದರೆ ಕತ್ತಲೆ. ಇದಕ್ಕೆ ಕ್ವೆಂಚಿಂಗ್ ಎನ್ನುತ್ತಾರಂತೆ. ಒಂದೊಂದೇ ದಾರವನ್ನು ಗಾಜಿನ ಮೇಲೆ ಕೂರಿಸಿ, ಅದರ ಬೆಳಕಿನ ಚುಕ್ಕೆ ಏರುವುದನ್ನು ಇಳಿಯುವುದನ್ನು ನೋಡಿ ಅಂತರದ ಲೆಕ್ಕ ಹಾಕುತ್ತಾರೆ.

ಕತ್ತಲೆಯಲ್ಲೇ ಇರುವುದು ತೊಂದರೆ. ಲೇಸರಿನ ಕೆಳಗೆ ಹೆಚ್ಚು ಹೊತ್ತು ಇದ್ದರೆ ಹೊಳೆಯುವ ಬಣ್ಣ ಸುಟ್ಟುಹೋಗುತ್ತದೆ, ಮತ್ತೆಂದೂ ಹೊಳೆಯುವುದಿಲ್ಲ. ಚುಕ್ಕೆ ಕತ್ತಲಾದರೆ, ಎರಡೂ ಬಣ್ಣ ಹತ್ತಿರ ಬಂದು ಕತ್ತಲಾಯಿತೋ, ಬಣ್ಣವೇ ಸತ್ತು ಕತ್ತಲಾಯಿತೋ, ಹೊರಗಿನಿಂದ ನೋಡಿದರೆ ಎರಡೂ ಒಂದೇ ತರ.

ವಿನುತಾ ಮಾಡಿದ್ದೇನೆಂದರೆ, ಕತ್ತಲಾದವನ್ನೆಲ್ಲ 'ಹತ್ತಿರ ಬಂದವು' ಎಂದು ಲೆಕ್ಕಕ್ಕೆ ಹಿಡಿದಳು.

ಸತ್ತವನ್ನು ತೆಗೆದುಹಾಕುವ ಪದ್ಧತಿ ಅವರಲ್ಲಿ ಇಲ್ಲವೆಂದಲ್ಲ. ತೆಗೆಯಲು ಕೂತರೆ ಪ್ರತಿಯೊಂದರ ಮುಂದೆಯೂ ಇವಳಿಗೆ ಅನುಮಾನ. ಇನ್ನೂ ಸ್ವಲ್ಪ ಹೊತ್ತು ಕಾದಿದ್ದರೆ ಹೊಳೆಯುತ್ತಿತ್ತೇನೋ ಎಂದು ಒಂದನ್ನೂ ತೆಗೆಯಲಿಲ್ಲ. ಹಾಗಾಗಿ ಆ ಪ್ರೋಟೀನು ಉಳಿದವರು ಹೇಳಿದ್ದಕ್ಕಿಂತ ಬಹಳ ಬಿಗಿಯಾಗಿ ಮಡಚಿಕೊಳ್ಳುತ್ತದೆ ಎಂದು ಅವಳ ಲೆಕ್ಕ ಬಂತು. ಎಲ್ಲರೂ ದೂರ ಎಂದಲ್ಲಿ ಇವಳು ಹತ್ತಿರ ಎಂದಳು. ಅದು ಹೊಸ ಸಂಗತಿ ಎಂದು ಲ್ಯಾಬಿನಲ್ಲಿ ಹೊಗಳಿದರು. ಲೇಖನ ಬರೆದು ಕಳಿಸಿದ್ದೂ ಆಯಿತು. ಥೀಸಿಸ್ಸಿನ ಮುಖ್ಯ ಅಧ್ಯಾಯವೂ ಅದೇ. ನಾನು ಕೇರಿಗೆಲ್ಲ ಕೊಬ್ಬರಿ ಮಿಠಾಯಿ ಹಂಚಿದೆ. ಏನಕ್ಕೆ ಎಂದು ಕೇಳಿದವರಿಗೆ "ಎಂತೋ ಒಂದು ಹತ್ತಿರ ಇತ್ತಂತೆ, ಅದ್ಕೆ," ಎಂದೆ.

ಆಗಸ್ಟ್ ತಿಂಗಳಲ್ಲಿ ಅವಳ ಭಾಷಣವೊಂದಕ್ಕೆ ಹೊರಗಿನಿಂದ ಬಂದಿದ್ದ ಒಬ್ಬರು, ಕತ್ತಲಾದವು ಸತ್ತಿಲ್ಲ ಎಂದು ಹೇಗೆ ಹೇಳುತ್ತೀರಿ ಎಂದು ಸಹಜವಾಗಿ ಕೇಳಿದರಂತೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಇವಳಿಗೆ ಮೈಯೆಲ್ಲ ಬೆವರು. ಅವಳ ಗೈಡ್ ವಂದನಾ ಮೇಡಂ ಅಂದು ಸಂಜೆಯೇ ಹೇಳಿದರು, ಯೂರಿಯಾ ಹಾಕಿ ನೋಡು ಎಂದು. ನಮ್ಮ ಗದ್ದೆಗೆ ಹಾಕುವ ಯೂರಿಯಾವೇ, ಚೊಕ್ಕ ಮಾಡಿದ್ದು. ಅದನ್ನು ಹಾಯಿಸಿದರೆ ಮಡಚಿಕೊಂಡ ದಾರ ಬಿಚ್ಚಿಕೊಳ್ಳುತ್ತದೆ, ಎರಡು ಬಣ್ಣ ದೂರವಾಗುತ್ತವೆ. ಬಣ್ಣಕ್ಕೆ ಜೀವ ಇದ್ದರೆ ಆಗ ಹೊಳೆಯಲೇಬೇಕು. ಆಗಲೂ ಹೊಳೆಯದಿದ್ದರೆ ಸತ್ತದ್ದೇ.

ಒಂದು ದಿನದ ಕೆಲಸ. ಇವಳು ಮೂರು ವಾರ ಮಾಡಲಿಲ್ಲ. ಹೆಚ್ಚಿನವು ಸತ್ತವೇ ಆದರೆ ಅಧ್ಯಾಯ ಬಿದ್ದುಹೋಗುತ್ತದೆ, ಕಳಿಸಿದ ಲೇಖನ ವಾಪಸು ತೆಗೆದುಕೊಳ್ಳಬೇಕು, ಡಿಸೆಂಬರಿಗೆ ಸ್ಕಾಲರ್‌ಶಿಪ್ ಮುಗಿಯುತ್ತದೆ. ಐದು ವರ್ಷ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಲೇಸರ್ ಕೆಟ್ಟಿದೆ ಎಂದು ಮೇಡಂಗೆ ಸುಳ್ಳು ಹೇಳಿ ಚೌತಿ ಹಬ್ಬಕ್ಕೆ ರೈಲು ಹತ್ತಿದಳು. ಸುಳ್ಳು ಹೇಳಿದೆ ಎಂದು ಕುಮಟಾ ಸ್ಟೇಶನ್ನಿನಲ್ಲಿ ಇಳಿದೊಡನೆ ಅವಳೇ ನನಗೆ ಹೇಳಿದಳು. ಹುಟ್ಟಿದಾಗಿನಿಂದ ಸುಳ್ಳು ಹೇಳಲು ಬಾರದವಳು. ಕುತ್ತಿಗೆಯ ಎಲುಬು ಕಾಣುವಷ್ಟು ಬಡವಾಗಿದ್ದಳು.

ಅವಳು ಬಂದ ಹೊತ್ತೂ ಚೆನ್ನಾಗಿರಲಿಲ್ಲ. ಅಪ್ಪ ಹೋಗಿ ಹನ್ನೆರಡು ವರ್ಷ ತುಂಬಿತ್ತು. ಮಹಾಲಯ ಅಮಾವಾಸ್ಯೆಗೆ ಮೊದಲು ಗೋಕರ್ಣದಲ್ಲಿ ಕ್ರಿಯೆ ಮಾಡಿ ಮುಗಿಸುವುದೆಂದು ಅಪ್ಪನ ತಮ್ಮ ವಿಶ್ವನಾಥ ಚಿಕ್ಕಪ್ಪ ಭಟ್ಟರಲ್ಲಿ ಮಾತಾಡಿ ಬಂದಿದ್ದರು. ಅಮ್ಮ ಒಪ್ಪಿದ್ದಳು. ಫೋನಿನಲ್ಲೇ ಬೇಡ ಎಂದಿದ್ದ ವಿನುತಾ ಈಗ ಎದುರೇ ಕೂತಿದ್ದಳು. ಎರಡು ಭಯ ಒಟ್ಟಿಗೆ ಹೊತ್ತುಕೊಂಡು ಬಂದ ಹುಡುಗಿಯ ಹತ್ತಿರ ಯಾವ ಮಾತನ್ನು ಮೊದಲು ತೆಗೆಯಬೇಕೆಂದು ನನಗೆ ತಿಳಿಯಲಿಲ್ಲ. ಹಬ್ಬದ ಎರಡು ದಿನ ಅವಳು ಜಗಲಿಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂತು ಅದೇ ಗೆರೆಗಳನ್ನು ನೋಡಿದಳು. ಏರಿದ ಗೆರೆ, ಇಳಿದ ಗೆರೆ, ಕೊನೆಗೆ ನೆಲಕ್ಕೆ ಮಲಗಿದ ಗೆರೆ. ಮೋದಕ ತಟ್ಟೆಯಲ್ಲೇ ಒಣಗಿತು.

ಮೂರನೆಯ ದಿನ ಅಮ್ಮ ಬಳಚು ತಂದಳು. ಮಳೆಯ ಸಿಹಿನೀರು ಹೊಳೆಯಲ್ಲಿ ಇನ್ನೂ ಇಳಿದಿರಲಿಲ್ಲ, ಸಿಕ್ಕಿದ್ದು ಒಂದು ಸಣ್ಣ ಬುಟ್ಟಿ. ಮಗಳು ಬಂದಿದ್ದಾಳೆಂದು ಸೊಂಟ ಮಟ್ಟದ ನೀರಿನಲ್ಲಿ ನಿಂತು ಆರಿಸಿದ್ದಳು. ಒಲೆಯ ಮುಂದೆ ನಾವು ಮೂವರೂ ಕೂತೆವು. ಪಾತ್ರೆಯಲ್ಲಿ ಒಂದೊಂದೇ ಚಿಪ್ಪು ಟಕ್ಕೆಂದು ಬಾಯಿ ಬಿಡತೊಡಗಿತು. ವಿನುತಾ ಅದನ್ನೇ ನೋಡುತ್ತಿದ್ದಳು. ಎರಡು ದಿನದಿಂದ ತಡೆದುಕೊಂಡ ನನ್ನ ಬಾಯಿ ಸುಮ್ಮನಿರಲಿಲ್ಲ.

"ಇದೇ ಅಲ್ದಾ ನಿನ್ನ ಯೂರಿಯಾ? ಇದ್ಕೆ ಇಷ್ಟು ಹೆದ್ರೂದಾ ಮಾರಾಯ್ತಿ?"

ಅವಳು ತಿರುಗಿ ನೋಡಿದಳು. "ಗೊತ್ತು ಅಕ್ಕಾ. ನೀ ಹೇಳೂದು ಬೇಡ. ಒಲೆ ಮೇಲೆ ಇಡೂಕೇ ಕೈ ಬರೂದಿಲ್ಲ ನಂಗೆ."

"ಇಡದಿದ್ರೆ ಎಂತ ಆತದೆ? ಸತ್ತದ್ದು ಎದ್ದು ಕೂರ್ತದಾ?"

"ಇಡೂವರೆಗೆ ಸತ್ತದ್ದು ಅಂತ ಅಲ್ಲ."

ಈ ಮಾತು ಎಲ್ಲಿಗೆ ಹೋಗುತ್ತದೆಂದು ಮೂವರಿಗೂ ಗೊತ್ತಿತ್ತು. ಅಮ್ಮ ಸೌಟಿನಿಂದ ಬಾಯಿ ಬಿಟ್ಟ ಬಳಚನ್ನು ಬದಿಗೆ ಎಳೆಯುತ್ತಿದ್ದಳು, ತಲೆ ಎತ್ತಲಿಲ್ಲ.

ವಿನುತಾ ಅವಳನ್ನೇ ಕೇಳಿದಳು. "ಅಮ್ಮಾ, ನಿಂಗೆ ಅಷ್ಟು ಅವಸರ ಎಂತಕ್ಕೆ? ಕರಿಮಣಿ ಭಾರ ಆತಾ? ಬದ್ಕಿದ್ದವ್ನನ್ನ ಗೊಂಬೆ ಮಾಡಿ ಸುಡ್ತ್ರಿ ಅಂತಾದ್ರೆ ನಾ ಬರೂದಿಲ್ಲ."

ನನಗೆ ಕೈ ಎತ್ತುವಷ್ಟು ಸಿಟ್ಟು ಬಂತು. ಅಮ್ಮನಿಗೆ ಬರಲಿಲ್ಲ. ಸೌಟು ಕೆಳಗಿಟ್ಟು, ಸೆರಗಿನಲ್ಲಿ ಕೈ ಒರೆಸಿಕೊಂಡಳು.

"ಮಗಾ, ಮಾಳದ ಅಮಾಸೆಗೆ ಊರಲ್ಲೆಲ್ಲ ಸತ್ತವ್ರಿಗೆ ಎಡೆ ಇಡ್ತಾರೆ. ನಮ್ಮ ಕೇರಿ ಗಣಪಿ ಮನೇಲೂ ಇಡ್ತಾರೆ, ಬಂಗಾರಿ ಮನೇಲೂ ಇಡ್ತಾರೆ. ಮೀನು, ಅನ್ನ, ಪಾಯ್ಸ, ಅವ್ರಿಗೆ ಬೇಕಾದ್ದೆಲ್ಲ. ನಿಮ್ಮಪ್ಪಂಗೆ ನಾನು ಒಂದು ವರ್ಷವೂ ಇಟ್ಟಿಲ್ಲ. ಬದ್ಕಿದ್ದವ್ರಿಗೆ ಇಡೂಕಿಲ್ಲ ಅಲ್ದಾ? ಹನ್ನೆರಡು ವರ್ಷ ಆತು, ಒಂದು ತುತ್ತು ಅನ್ನ ಕೊಟ್ಟಿಲ್ಲ ನಾನು."

ಅಮ್ಮನ ಮನಸ್ಸಿನಲ್ಲಿ ಇದು ಇತ್ತೆಂದು ನನಗೂ ಅಂದೇ ಗೊತ್ತಾದದ್ದು. ಪ್ರತಿ ವರ್ಷ ಆ ಅಮಾವಾಸ್ಯೆಯ ದಿನ ಅವಳು ಯಾರ ಮನೆಗೂ ಹೋಗದೆ, ತಲೆನೋವು ಎಂದು ಮಲಗುತ್ತಿದ್ದಳು. ನಾವು ಅದನ್ನು ತಲೆನೋವು ಎಂದೇ ತಿಳಿದಿದ್ದೆವು.

ವಿನುತಾ ಅಂದು ಊಟ ಮಾಡಲಿಲ್ಲ. ಮರುದಿನ ನಾನು ಹೊನ್ನಾವರಕ್ಕೆ ಹೊರಡುವ ಮೊದಲೇ ಎದ್ದು, ಚಿಕ್ಕಪ್ಪನ ಸ್ಕೂಟರಿನಲ್ಲಿ ಕುಮಟಾಕ್ಕೆ ಹೋಗಿ ರೈಲು ಹತ್ತಿದ್ದಳು. ಅಮ್ಮನ ಕಾಲು ಮುಟ್ಟಿ ಹೋದಳಂತೆ. ಬರುತ್ತೇನೆಂದೂ ಹೇಳಲಿಲ್ಲ, ಬರುವುದಿಲ್ಲವೆಂದೂ ಹೇಳಲಿಲ್ಲ.

ಆಮೇಲಿನ ದಿನಗಳನ್ನು ನಾನು ಹೇಗೆ ಕಳೆದೆನೋ ನನಗೇ ಗೊತ್ತು. ಅವಳ ಫೋನು ಮುಚ್ಚಿತ್ತು. ಸಾಲದ ಕಂಪನಿಯವರ ಫೋನನ್ನೂ ಎತ್ತುವವಳ ಫೋನು. ಎಷ್ಟು ಸಲ ಹೊಡೆದರೂ ಸ್ವಿಚ್ ಆಫ್ ಎಂದೇ ಹೇಳಿತು. ಲ್ಯಾಬಿನ ನಂಬರು ನನ್ನಲ್ಲಿರಲಿಲ್ಲ. ಅಮ್ಮನಿಗೆ ಹೇಳುವ ಹಾಗಿರಲಿಲ್ಲ, ನೀರಿಗೆ ಹೋದವನ ಸುದ್ದಿಗೆ ಈಗಾಗಲೇ ಒಮ್ಮೆ ಕಾದವಳು. ಹೋಟೆಲಿನಲ್ಲಿ ಒಬ್ಬರ ರೂಮಿನ ಕೀಲಿ ಇನ್ನೊಬ್ಬರಿಗೆ ಕೊಟ್ಟೆ. ಹುಬ್ಬಳ್ಳಿಯ ಒಂದು ಕುಟುಂಬ ಬಾಗಿಲು ತೆಗೆದರೆ ಒಳಗೆ ಯಾರೋ ಸ್ನಾನ ಮಾಡುತ್ತಿದ್ದರಂತೆ. ಮ್ಯಾನೇಜರ್ ನನ್ನನ್ನು ಕರೆದು ಬೈದರು. ಅವರ ಬಾಯಿ ಆಡುತ್ತಿದ್ದುದು ಕಂಡಿತು, ಮಾತು ಕೇಳಲಿಲ್ಲ. ನನ್ನ ಕೈ ಸೆರಗಿನೊಳಗಿನ ಫೋನಿನ ಮೇಲೇ ಇತ್ತು. ಶ್ರೀಧರ, "ಸುಮ್ನಿರು, ಕೆಲ್ಸದಲ್ಲಿ ಇರ್ತಾಳೆ," ಎಂದರು. ಅವರ ದನಿಯಲ್ಲೂ ಧೈರ್ಯ ಇರಲಿಲ್ಲ. ಐದು ವರ್ಷದ ಕೆಲಸ ಬಿದ್ದುಹೋದ ಹುಡುಗಿ, ಒಬ್ಬಳೇ ಇರುವ ರೂಮು, ಮುಚ್ಚಿದ ಫೋನು. ನನ್ನ ತಲೆ ಎಲ್ಲಿಗೆಲ್ಲ ಹೋಯಿತೆಂದು ಬರೆಯಲಾರೆ. ಕತ್ತಲೆ ಎಂದರೆ ಹತ್ತಿರವೂ ಇರಬಹುದು, ಸತ್ತಿದ್ದೂ ಇರಬಹುದು ಎಂದು ಅವಳೇ ಹೇಳಿಕೊಟ್ಟ ಪಾಠ ನನ್ನನ್ನು ತಿಂದುಹಾಕಿತು. ಅವಳು ಯಾಕೆ ಯಾವುದನ್ನೂ ಸತ್ತಿತೆಂದು ಬರೆಯಲಾರಳು ಎಂದು ನನಗೆ ಆಗ ಅರ್ಥವಾಯಿತು. ನಾನೂ ಬರೆಯುತ್ತಿರಲಿಲ್ಲ.

ಒಂದು ದಿನ ಮಧ್ಯಾಹ್ನ ಕೌಂಟರಿನಲ್ಲೇ ಊಟದ ಡಬ್ಬಿ ತೆರೆದಿದ್ದೆ, ಫೋನು ಬಂತು.

"ಅಕ್ಕಾ, ನಾನು."

ಬೈಯಬೇಕೆಂದು ಕೂಡಿಟ್ಟಿದ್ದ ಮಾತೆಲ್ಲ ಎಲ್ಲಿ ಹೋಯಿತೋ. "ಉಂಡ್ಯಾ?" ಎಂದೆ.

"ಉಂಡೆ. ಲೇಸರ್ ರೂಮಲ್ಲಿ ಫೋನ್ ಮುಚ್ಚಿ ಇಟ್ಟಿದ್ದೆ. ಆಮೇಲೆ ತೆಗೂಕೆ ಮನಸ್ಸೇ ಬರ್ಲಿಲ್ಲ. ಯೂರಿಯಾ ಹಾಕ್ದೆ. ಕತ್ಲೆ ಇದ್ದದ್ರಲ್ಲಿ ಅರ್ಧಕ್ಕಿಂತ ಹೆಚ್ಚು ಹೊಳೀಲಿಲ್ಲ."

ನಾನು ಡಬ್ಬಿಯ ಮುಚ್ಚಳ ಹಾಕಿದೆ.

"ಉಳ್ದದ್ದು ಹೊಳೀತು ಅಕ್ಕಾ. ನಿಜವಾಗೂ ಹತ್ತಿರ ಇದ್ದವೂ ಇದ್ವು. ನಾ ಸುಳ್ಳು ಹೇಳ್ಲಿಲ್ಲ. ಆದ್ರೆ ಸತ್ತವನ್ನೂ ಸೇರ್ಸಿ ಲೆಕ್ಕ ಹಿಡ್ದೆ. ಅಂತರ ಬೇರೆಯವ್ರು ಹೇಳಿದ್ದಷ್ಟೇ ಬತ್ತದೆ. ಹೊಸ್ತು ಎಂತದೂ ಇಲ್ಲ."

ಮೇಡಂಗೆ ಎಲ್ಲ ಹೇಳಿದ್ದಳು. ಲೇಸರ್ ಕೆಟ್ಟಿರಲಿಲ್ಲ ಎಂಬುದನ್ನೂ. ಲೇಖನವನ್ನು ವಾಪಸು ಕೇಳಿ ಪತ್ರ ಹೋಗಿತ್ತು. ಮೇಡಂ ಕೂಗಾಡಲಿಲ್ಲವಂತೆ. ಇದನ್ನೆಲ್ಲ ಮತ್ತೆ ಮೊದಲಿಂದ ಮಾಡಬೇಕು, ಸ್ಕಾಲರ್‌ಶಿಪ್ಪಿಗೆ ಆರು ತಿಂಗಳು ಹೆಚ್ಚು ಕೇಳಿ ನೋಡುತ್ತೇನೆ, ಕೊಡುತ್ತಾರೋ ಇಲ್ಲವೋ ಗೊತ್ತಿಲ್ಲ ಎಂದರಂತೆ. ಅದು ಇವತ್ತಿಗೂ ಗೊತ್ತಾಗಿಲ್ಲ. ಅವಳ ದನಿಯಲ್ಲಿ ಅಳು ಇರಲಿಲ್ಲ, ಜ್ವರ ಬಿಟ್ಟವರ ಸುಸ್ತು ಇತ್ತು. ಫೋನು ಇಡುತ್ತಾಳೆ ಎಂದುಕೊಂಡೆ. ಇಡಲಿಲ್ಲ.

"ಅಕ್ಕಾ, ಚಿಕ್ಕಪ್ಪಂಗೆ ಹೇಳು. ರೈಲಿಗೆ ಟಿಕೇಟ್ ಇಲ್ಲ, ಬಸ್ಸಿಗೆ ಬತ್ತೆ. ನಾ ಬರೂವರೆಗೆ ಸುಡೂದು ಬೇಡ."

ಕೌಂಟರಿನ ಕೆಳಗೆ ಬಗ್ಗಿ, ಕೀಲಿ ಹುಡುಕುವವಳ ಹಾಗೆ ಮಾಡಿ ಅತ್ತೆ.

ಗೋಕರ್ಣದಲ್ಲಿ ದರ್ಭೆಯ ಗೊಂಬೆಯನ್ನು ಭಟ್ಟರು ಕಟ್ಟಿದರು. ಅಪ್ಪ ಎತ್ತರದ ಮನುಷ್ಯ, ಗೊಂಬೆ ಬಹಳ ಸಣ್ಣದಿತ್ತು. ಬೆಂಕಿ ಕೊಟ್ಟದ್ದು ಚಿಕ್ಕಪ್ಪ. ವಿನುತಾ ನನ್ನ ಕೈ ಹಿಡಿದು ನಿಂತಿದ್ದಳು, ಉಗುರು ಊರಿದ ಗುರುತು ಎರಡು ದಿನ ಇತ್ತು. ಅಮ್ಮ ಕರಿಮಣಿಯನ್ನು ಯಾರಿಂದಲೂ ತೆಗೆಸಿಕೊಳ್ಳದೆ ತಾನೇ ತೆಗೆದು, ಅಪ್ಪನ ಹಳೆಯ ಅಂಗಿಯ ಕಿಸೆಯಲ್ಲಿಟ್ಟಳು.

ಅಮಾವಾಸ್ಯೆಯ ದಿನ ಮನೆಯಲ್ಲಿ ಎಡೆ. ಅಪ್ಪನಿಗೆ ಬಳಚು ಎಂದರೆ ಪ್ರಾಣ. ಅಮ್ಮ ಅಕ್ಕಿ ತೊಳೆಯುತ್ತಿದ್ದಳು, ನಾನು ಕಾಯಿ ತುರಿಯುತ್ತಿದ್ದೆ. ಬಳಚು ಬೇಯಲು ಇಟ್ಟದ್ದು ವಿನುತಾ. ಬೆಂದ ಮೇಲೆ ಪಾತ್ರೆ ಇಳಿಸಿ, ಬಾಯಿ ಬಿಟ್ಟವನ್ನು ಬೇರೆ ಮಾಡಿದಳು. ಬಿಡದೆ ಉಳಿದವನ್ನು ಒಂದೊಂದಾಗಿ ಎತ್ತಿ, ಕಿವಿಯ ಹತ್ತಿರ ಅಲುಗಿಸಿ ನೋಡಿದಳು. ಆಮೇಲೆ ಹಿತ್ತಲಿಗೆ ಹೋಗಿ ತೆಂಗಿನ ಬುಡಕ್ಕೆ ಹಾಕಿ ಬಂದಳು. ನಾನೂ ಅಮ್ಮನೂ ಮುಖ ನೋಡಿಕೊಂಡೆವು.

ಎಲೆಗೆ ಬಡಿಸುವಾಗ ಅವಳ ಕೈ ನಿಂತಿತು. ಎಡೆಗೆ ಇಡುವ ಅಡಿಗೆಯನ್ನು ಮೊದಲು ರುಚಿ ನೋಡುವ ಹಾಗಿಲ್ಲ. ಅವಳ ಮುಖದಲ್ಲಿ ಅದೇ ಹಳೆಯ ಹೆದರಿಕೆ ಏರುವುದನ್ನು ನಾನು ನೋಡಿದೆ.

"ಅಮ್ಮಾ, ಉಪ್ಪು ಕಮ್ಮಿ ಆಗಿದ್ರೆ?"

ಅಮ್ಮ ಎಲೆಯ ತುದಿ ಸರಿಮಾಡುತ್ತಿದ್ದಳು.

"ಹನ್ನೆರಡು ವರ್ಷದ ಹಸಿವು ಮಗಾ ಅದು. ಉಪ್ಪು ನೋಡ್ತಾರಾ?"

ವಿನುತಾ ಇನ್ನೊಂದು ಸೌಟು ಬಡಿಸಿದಳು.